ನಾಲ್ಕು ಕವಡೆಯ ಸರ್ವಕಥಾ ಪದ್ಧತಿ

ಮನುಷ್ಯನ ಬುದ್ಧಿ ಕಣ್ಣು ಬಿಟ್ಟ ದಿನದಿಂದಲೂ ಒಂದೇ ಒಂದು ಸೂತ್ರವನ್ನು ಹುಡುಕುತ್ತಿದೆ. ಯುದ್ಧ, ಪ್ರೇಮ, ದೇವರು, ದೆವ್ವ, ಕೊಲೆ, ಕಲ್ಯಾಣ ಎಲ್ಲವನ್ನೂ ಒಂದೇ ನಿಯಮದ ಕೆಳಗೆ ತರುವಂಥ ಸೂತ್ರ. ಋಷಿಗಳು ಇದಕ್ಕಾಗಿ ಕಾಡು ಸೇರಿದರು. ವಿಜ್ಞಾನಿಗಳು ಪ್ರಯೋಗಶಾಲೆ ಸೇರಿದರು. ನಾನು ಎಲ್ಲಿಗೂ ಹೋಗದೆ, ಹೊಳಲ್ಕೆರೆಯ ಬಾಡಿಗೆ ಮನೆಯ ನಡುಮನೆಯಲ್ಲಿ ಕುಳಿತೇ ಅದನ್ನು ಕಂಡುಹಿಡಿದೆ. ಅದರಿಂದ ಲೋಕಕ್ಕೆ ಏನು ಪ್ರಯೋಜನವಾಯಿತು ಎಂಬುದರಲ್ಲಿ ಅಭಿಪ್ರಾಯಭೇದ ಇರಬಹುದು. ನಮ್ಮ ಮನೆಯ ಹುಣಸೆಬೀಜವೆಲ್ಲ ಖರ್ಚಾಯಿತು ಎಂಬುದರಲ್ಲಿ ಇಲ್ಲ.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಲೆಕ್ಕದ ಮೇಷ್ಟ್ರಿಗೆ ಹಿಡಿಯುವ ರೋಗ ಬೇರೆಯವರಿಗೆ ಅಂಟುವುದಿಲ್ಲ. ತೊಟ್ಟಿ ತುಂಬುವ ನಲ್ಲಿ, ಎದುರುಬದುರು ಬರುವ ರೈಲು, ಗೋಡೆ ಕಟ್ಟುವ ಆಳುಗಳು ಇವೆಲ್ಲ ಬೇರೆ ಬೇರೆ ಎಂದು ಜನ ತಿಳಿದಿರುತ್ತಾರೆ. ನಮಗೆ ಎಲ್ಲವೂ ಒಂದೇ. ನಲ್ಲಿಯಲ್ಲಿ ನಿಜವಾಗಿ ನೀರು ಬರುತ್ತದೆಯೇ ಎಂದು ನಾವು ಕೇಳುವುದಿಲ್ಲ. ನಮ್ಮೂರಿನಲ್ಲಿದ್ದುಕೊಂಡು ಅದನ್ನು ಕೇಳುವುದು ಕ್ಷೇಮವೂ ಅಲ್ಲ. ಇಂಥ ತಲೆಗೆ ಒಂದು ದಿನ ಹೊಳೆಯಿತು: ಕಥೆಗಳೂ ಹೀಗೇ ಅಲ್ಲವೇ? ಪುರಾಣವಾಗಲಿ ಪತ್ತೇದಾರಿಯಾಗಲಿ, ಯಾರೋ ಒಬ್ಬ ಏನನ್ನೋ ಮಾಡಲು ಹೊರಡುತ್ತಾನೆ. ಅದು ಆಗುತ್ತದೆ, ಇಲ್ಲವೇ ಆಗುವುದಿಲ್ಲ. ಮಿಕ್ಕಿದ್ದೆಲ್ಲ ಉಡುಪು. ಹಾಗಿದ್ದ ಮೇಲೆ ಸಮಸ್ತ ಕಥೆಗಳನ್ನೂ ಒಂದೇ ನಿಯಮದಲ್ಲಿ ಆಡಬಹುದು.

ಆಡಬಹುದು ಎಂದೆ, ಓದಬಹುದು ಎನ್ನಲಿಲ್ಲ. ಅದು ಮೇಜಿನ ಸುತ್ತ ಕುಳಿತು ಬಾಯಲ್ಲಿ ಆಡುವ ಆಟ. ಒಬ್ಬೊಬ್ಬರೂ ಒಂದೊಂದು ಪಾತ್ರ ಹಿಡಿಯಬೇಕು. ಪಾತ್ರಕ್ಕೆ ಬಲ, ಬುದ್ಧಿ, ಮಾತು ಎಂದು ಮೂರು ಗುಣ. ಆಟದ ಮೊದಲಿಗೆ ಒಂದು ಹಿಡಿ ಹುಣಸೆಬೀಜ ಕೊಟ್ಟರೆ ಅದನ್ನು ಮೂರು ಗುಣಗಳಿಗೂ ಹಂಚಿಕೊಳ್ಳುವುದು ಅವರವರ ಇಷ್ಟ. ಕಥೆ ನಡೆಸುವವನು, ಅಂದರೆ ನಾನು, “ಎದುರಿಗೆ ಕೋಟೆ ಇದೆ, ಏನು ಮಾಡುತ್ತೀರಿ?” ಎಂದು ಕೇಳುತ್ತೇನೆ. ಆಡುವವರು “ಹತ್ತುತ್ತೇನೆ” ಎನ್ನುತ್ತಾರೆ. ನಾಲ್ಕು ಕವಡೆ ಎಸೆಯಬೇಕು. ಅಂಗಾತ ಬಿದ್ದ ಕವಡೆಗಳಿಗೆ ಬಲದ ಬೀಜಗಳನ್ನು ಕೂಡಿಸಿದಾಗ ನಾನು ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆ ದಾಟಿದರೆ ಹತ್ತಿದರು, ಇಲ್ಲವಾದರೆ ಬಿದ್ದರು. ಬಿದ್ದವರು ಒಂದು ಬೀಜ ಕಳೆದುಕೊಳ್ಳುತ್ತಾರೆ. ಬೀಜವೆಲ್ಲ ಮುಗಿದರೆ ಪಾತ್ರ ಸತ್ತಂತೆ. ಇಬ್ಬರ ನಡುವೆ ಜಟಾಪಟಿಯಾದರೆ ಇಬ್ಬರೂ ಎಸೆಯಬೇಕು, ಹೆಚ್ಚು ಬಂದವರದು ಗೆಲುವು. ಇಷ್ಟೇ. ಇದಕ್ಕೆ ನಾನು ಸರ್ವಕಥಾ ಪದ್ಧತಿ ಎಂದು ಹೆಸರಿಟ್ಟೆ. ನನ್ನ ಹೆಂಡತಿ ಗಂಗಮ್ಮ ಇದನ್ನು “ಆ ಬೀಜದಾಟ” ಎನ್ನುತ್ತಿದ್ದಳು.

ಬುದ್ಧಿಯ ವಿಕಾಸಕ್ಕಾಗಿ ಈ ಆಟ ಕಟ್ಟಿದೆ ಎಂದು ಆಗ ಎಲ್ಲರಿಗೂ ಹೇಳುತ್ತಿದ್ದೆ. ನಿಜ ಏನೆಂದರೆ ಆ ವರ್ಷ ನಮ್ಮ ಮನೆಯಲ್ಲಿ ಸಂಜೆ ಕಳೆಯುವುದು ಕಷ್ಟವಾಗಿತ್ತು. ನಮಗೆ ಮಕ್ಕಳಿಲ್ಲ. ಬಿ.ದುರ್ಗದ ಹತ್ತಿರ ನಮ್ಮ ಹಳ್ಳಿ. ಅಲ್ಲಿ ನನ್ನ ಅಣ್ಣ ಕರಿಯಣ್ಣ ಕುರಿ, ಹೊಲ ನೋಡಿಕೊಂಡಿದ್ದಾನೆ. ಅವನ ಮಗಳು ಗಿರಿಜೆ ಚಿಕ್ಕವಳಿದ್ದಾಗಲೇ ಓದಲಿಕ್ಕೆಂದು ನಮ್ಮ ಮನೆಗೆ ಬಂದು, ಗಂಗಮ್ಮನ ಸೆರಗು ಹಿಡಿದುಕೊಂಡೇ ಬೆಳೆದಳು. ಆಮೇಲೆ ನಮ್ಮ ಅಪ್ಪ ತೀರಿಕೊಂಡರು. ಸುದ್ದಿ ತಿಳಿದು ನಾನು ಹೊರಟ ಬಸ್ಸಿನ ಟೈರು ದಾರಿಯಲ್ಲಿ ಒಡೆಯಿತು. ನಾನು ಊರು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು, ಮಣ್ಣೂ ಮುಗಿದಿತ್ತು. “ನಾ ಬರೋತನಕ ಕಾಯಾಕೆ ಆಗ್ಲಿಲ್ವೇನು?” ಎಂದು ಎಲ್ಲರ ಎದುರಿಗೆ ಕೇಳಿದೆ. ಅಣ್ಣ ಹಾರೆಯನ್ನು ಗೋಡೆಗೆ ಒರಗಿಸುತ್ತ, “ಹೆಣ ಕಾಯ್ತೈತೇನಲೇ?” ಎಂದ. ಅದಕ್ಕೆ ನಾನು ಏನೋ ಅಂದೆ, ಅವನು ಮತ್ತೇನೋ ಅಂದ. ತಿಂಗಳು ತುಂಬುವುದರೊಳಗೆ ಅಣ್ಣ ಹೊಳಲ್ಕೆರೆಗೆ ಬಂದು, ಒಳಗೆ ಕಾಲಿಡದೆ ಬೀದಿಯಲ್ಲೇ ನಿಂತು, ಮಗಳನ್ನು ಕರೆದುಕೊಂಡು ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೂಡ ದೊಡ್ಡದಾಗಿ ಕೇಳಿಸತೊಡಗಿತು. ಅದು ಕೇಳಿಸದಿರಲಿ ಎಂದು ಕವಡೆ ಕುಲುಕಿಸಲು ಶುರುಮಾಡಿದೆ.

ಆಡಲು ಬರುತ್ತಿದ್ದವರು ಇಬ್ಬರು. ದನದ ಆಸ್ಪತ್ರೆಯ ಕಾಂಪೌಂಡರ್ ಗೌಸ್ ಸಾಹೇಬರು; ಹಿರಿಯೂರಿನಿಂದ ವರ್ಗವಾಗಿ ಬಂದವರು. ಪೋಸ್ಟಾಫೀಸಿನ ಗುಮಾಸ್ತ ಓಂಕಾರಪ್ಪ. ಹೊಸದುರ್ಗದವನು, ಬ್ರಹ್ಮಚಾರಿ, ಅಂಚೆಚೀಟಿಗೂ ನೋವಾಗದಂತೆ ಮುದ್ರೆ ಒತ್ತುವಷ್ಟು ಮೆತ್ತನೆಯ ಮನುಷ್ಯ. ಇಬ್ಬರೂ ಬಲವಂತಕ್ಕೆ ಬಂದವರಲ್ಲ. ಊರಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಕಿತ್ತುಹೋಗಿ, ಸಂಜೆಯ ಮೇಲೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಬಾರದ ಗಾಡಿಯನ್ನು ಕಾಯುವುದು ಬಿಟ್ಟರೆ ಅವರಿಗೂ ಬೇರೆ ಕೆಲಸವಿರಲಿಲ್ಲ.

ಮೊದಲು ಚಾರಿತ್ರಿಕ ಕಥೆ ಆಡಿದೆವು. ಪಕ್ಕದಲ್ಲೇ ಚಿತ್ರದುರ್ಗದ ಕೋಟೆ ಇರುವಾಗ ಬೇರೆ ಕಥೆಯಿಂದ ಶುರುಮಾಡುವುದು ಮರ್ಯಾದೆಯೂ ಅಲ್ಲ. ಈ ಬಗೆಯಲ್ಲಿ ನನ್ನ ಪದ್ಧತಿ ಅಮೋಘವಾಗಿ ನಡೆಯಿತು ಎಂದು ನಿಷ್ಪಕ್ಷಪಾತವಾಗಿ ಹೇಳಬಲ್ಲೆ. ಕತ್ತಿ, ಗೋಡೆ, ಏಣಿ, ಕಂದಕ ಇವುಗಳಲ್ಲಿ ಸಂದೇಹಕ್ಕೆ ಜಾಗವಿಲ್ಲ. ಹತ್ತಿದವನು ಹತ್ತಿದ, ಬಿದ್ದವನು ಬಿದ್ದ. ಗೌಸ್ ಸಾಹೇಬರು ದಂಡನಾಯಕರಾಗಿ ಒಂದೇ ಸಂಜೆ ಮತ್ತೆ ಮತ್ತೆ ಬುರುಜಿನಿಂದ ಬಿದ್ದು ಸತ್ತು, ಪ್ರತಿ ಸಾರಿಯೂ ಹೊಸ ಹೆಸರಿನಲ್ಲಿ ಎದ್ದು ಬಂದರು. “ನನಗೆ ಸಾಯಾಕೆ ಬ್ಯಾಸ್ರ ಇಲ್ಲ ಮೇಷ್ಟ್ರೆ,” ಎಂದರು, “ಆದ್ರೆ ಚಾ ಆರೋದ್ರೊಳಗೆ ಸಾಯ್ಸಿಬಿಡ್ರಿ.” ಒಂದೇ ತೊಂದರೆ: ಬೀಜ ಹುರಿದವಾಗಿದ್ದವು. ಸಾಹೇಬರು ಯೋಚನೆಯಲ್ಲಿ ಮುಳುಗಿ ತಮ್ಮ ಬಲವನ್ನೆಲ್ಲ ಒಂದೊಂದಾಗಿ ಬಾಯಿಗೆ ಹಾಕಿಕೊಂಡು ಅಗಿದುಬಿಡುತ್ತಿದ್ದರು. ಶತ್ರು ಬರುವ ಹೊತ್ತಿಗೆ ದಂಡನಾಯಕರ ಹತ್ತಿರ ಮಾತೊಂದೇ ಉಳಿದಿರುತ್ತಿತ್ತು. ಇದು ಚರಿತ್ರೆಗೆ ವಿರುದ್ಧವಲ್ಲ ಎಂದು ಓಂಕಾರಪ್ಪ ಸಮಾಧಾನ ಹೇಳಿದ.

ಉತ್ಸಾಹ ಬಂದು ಪೌರಾಣಿಕಕ್ಕೆ ಹೋದೆವು. ಅಲ್ಲಿ ಪದ್ಧತಿಗೆ ಮೊದಲ ಪೆಟ್ಟು ಬಿತ್ತು. ದೇವರಿಗೆ ಎಷ್ಟು ಬೀಜ ಕೊಡುವುದು? ಹಿಡಿ ಕೊಟ್ಟರೆ ದೇವರು ಸೋಲುವ ಅಪಾಯವಿದೆ. ಚೀಲ ಕೊಟ್ಟರೆ ಕವಡೆ ಎಸೆಯುವುದೇ ದಂಡ. ಕೊನೆಗೆ ದೇವರು ಎಸೆಯುವುದಿಲ್ಲ ಎಂದು ನಿಯಮ ಮಾಡಿದೆ. ಆಗ ರಾಕ್ಷಸನ ಪಾತ್ರದಲ್ಲಿದ್ದ ಗೌಸ್ ಸಾಹೇಬರು ತಪಸ್ಸಿಗೆ ಕುಳಿತರು. ನನ್ನ ನಿಯಮದ ಪ್ರಕಾರ ವರ್ಷಕ್ಕೊಂದು ಸಲ ಕವಡೆ ಎಸೆಯಬೇಕು, ಪುರಾಣದ ಪ್ರಕಾರ ತಪಸ್ಸು ಸಾವಿರಾರು ವರ್ಷ. ಸಾಹೇಬರು ಭುಜ ನೋಯುವವರೆಗೆ ಎಸೆದು, “ಇನ್ನೂ ಎಷ್ಟ್ ವರ್ಷ ಐತ್ರಿ ಈ ತಪಸ್ಸು? ನಾಳೆ ಬೆಳಿಗ್ಗೆ ಎಮ್ಮಿಗೆ ಇಂಜೆಕ್ಷನ್ ಮಾಡಾದೈತೆ,” ಎಂದು ಎದ್ದರು. ವರ ಕೇಳದೆ ಮನೆಗೆ ಹೋದ ರಾಕ್ಷಸ ಅವರೊಬ್ಬರೇ ಇರಬೇಕು.

ಪತ್ತೇದಾರಿಗೆ ನಾನು ತುಂಬ ಶ್ರಮಪಟ್ಟೆ. ಮಾರಿಕಣಿವೆ ಅಣೆಕಟ್ಟಿನ ಹತ್ತಿರದ ಪ್ರವಾಸಿ ಬಂಗಲೆ, ಸತ್ತುಬಿದ್ದ ಕಂಟ್ರಾಕ್ಟರು, ಸುಳ್ಳು ಹೇಳುವ ಅಡಿಗೆಯವನು, ಒದ್ದೆಯಾದ ಒಂದು ಚಪ್ಪಲಿ. ತರಗತಿಯಲ್ಲಿ ಹುಡುಗರಿಗೆ ಲೆಕ್ಕ ಕೊಟ್ಟು ಕಿಟಕಿಯಾಚೆ ನೋಡುತ್ತ ಇದನ್ನೆಲ್ಲ ಹೊಂದಿಸಿದ್ದೆ. ಓಂಕಾರಪ್ಪ ಪತ್ತೇದಾರನಾಗಿ, ಬೀಜವನ್ನೆಲ್ಲ ಬುದ್ಧಿಗೆ ಸುರಿದುಕೊಂಡು, ಹೆಣದ ಹತ್ತಿರ ಹೋದವನೇ ಕವಡೆ ಎಸೆದ. ನಾಲ್ಕೂ ಅಂಗಾತ. “ನಾನು ಬಾಳ ಬುದ್ಧಿವಂತ ಅಂತ ಆತಲ್ರಿ. ಕೊಲೆಗಾರ ಯಾರು ಹೇಳಿಬಿಡ್ರಿ ಮೇಷ್ಟ್ರೆ,” ಎಂದ. ನಿಯಮ ನನ್ನದೇ. ಹೇಳಬೇಕಾಯಿತು. ಬುದ್ಧಿಯನ್ನು ಬೀಜದಲ್ಲಿ ಎಣಿಸಿದರೆ ಯೋಚಿಸುವ ಕೆಲಸ ಯಾರಿಗೂ ಉಳಿಯುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಒದ್ದೆ ಚಪ್ಪಲಿಯ ಕಡೆ ಯಾರೂ ನೋಡಲೇ ಇಲ್ಲ.

ದೆವ್ವದ ಕಥೆಯ ಗತಿ ಇನ್ನೂ ಕೆಟ್ಟದ್ದು. ಪದ್ಧತಿಯ ಪ್ರಕಾರ ದೆವ್ವಕ್ಕೂ ಬೀಜ ಕೊಡಲೇಬೇಕು. ಮೇಜಿನ ಮೇಲೆ ಅದರ ಬಲ ರಾಶಿ ಬಿದ್ದಿರುವುದನ್ನು ಸಾಹೇಬರು ಬೆರಳಿನಲ್ಲಿ ಎಣಿಸಿ, “ಇಷ್ಟೇನಾ? ಹೊಡಿಯಾಣ,” ಎಂದರು. ಹೊಡೆದರು. ಹುಣಸೆಮರದಿಂದ ಇಳಿದು ಬಂದ ದೆವ್ವ ಎರಡು ಏಟಿಗೆ ಓಡಿಹೋಯಿತು. ಎಣಿಸಲಿಕ್ಕೆ ಬರುವ ಯಾವುದಕ್ಕೂ ಮನುಷ್ಯ ಹೆದರುವುದಿಲ್ಲ ಎಂದು ತೋರುತ್ತದೆ. ನಮ್ಮ ಮನೆಯಲ್ಲಿ ನಿಜವಾಗಿ ಹೆದರಿಕೆ ಹುಟ್ಟಿಸುವುದು ಒಂದೇ ಇತ್ತು, ಗಿರಿಜೆ ಮಲಗುತ್ತಿದ್ದ ಮೂಲೆಯಲ್ಲಿ ಗಂಗಮ್ಮ ಇನ್ನೂ ಮಡಿಸಿಡುತ್ತಿದ್ದ ಹಾಸಿಗೆ. ಅದಕ್ಕೆ ಯಾವ ಗುಣಕ್ಕೆ ಎಷ್ಟು ಬೀಜ ಎಂದು ನನಗೆ ತಿಳಿಯಲಿಲ್ಲ.

ಪ್ರೇಮದ ಕಥೆಯನ್ನು ಓಂಕಾರಪ್ಪನೇ ನಾಚುತ್ತ ಕೇಳಿದ. ಕಥೆ ನಡೆಸುವವನು ಮಿಕ್ಕ ಎಲ್ಲ ಪಾತ್ರಗಳನ್ನೂ ವಹಿಸಬೇಕಾದ್ದರಿಂದ ನಾಯಕಿ ನಾನೇ ಆಗಬೇಕಾಯಿತು. ನಾನು ಬಾವಿಯ ಹತ್ತಿರ ಕೊಡ ಹಿಡಿದು ನಿಂತೆ. ಓಂಕಾರಪ್ಪ ಬಾಯಿ ತೆರೆದ, ಮುಚ್ಚಿದ. “ನಿಮ್ಮ ಮೀಸೆ ನೋಡ್ಕಂಡು ಮಾತೇ ಹೊರಡವಲ್ದು ಮೇಷ್ಟ್ರೆ,” ಎಂದ. “ಕಣ್ಣು ಮುಚ್ಕಳಪ್ಪ, ಎಷ್ಟೋ ಜನ ಹಂಗೇ ಸಂಸಾರ ಮಾಡ್ತಾರೆ,” ಎಂದು ಸಾಹೇಬರು ದಾರಿ ತೋರಿಸಿದರು. ಅವನು ಕಣ್ಣು ಮುಚ್ಚಿ ಕವಡೆ ಎಸೆದ. ಮಾತಿನ ಬೀಜ ಕೂಡಿಸಿದರೆ ಗೆಲುವು. “ಹಂಗಾದ್ರೆ ಒಪ್ಪಿದ್ಲೇನ್ರಿ?” ಎಂದು ಕಣ್ಣು ಬಿಟ್ಟ. ಒಪ್ಪಿದಳು ಎಂದೆ. ಅವನ ಮುಖ ಒಂದು ಕ್ಷಣ ಅರಳಿತು. ಆಮೇಲೆ ನನ್ನನ್ನು, ಲಾಟೀನನ್ನು, ಕವಡೆಯನ್ನು ನೋಡಿ, “ಇಷ್ಟೇನಾ?” ಎಂದು ಸಣ್ಣಗೆ ಕೇಳಿದ. ಅವನಿಗೆ ನೋಡಿದ ಹೆಣ್ಣುಗಳೆಲ್ಲ ಒಂದಲ್ಲ ಒಂದು ನೆಪದಲ್ಲಿ ತಪ್ಪಿಹೋಗಿದ್ದವು. ಆ ಸಂಜೆ ಬೇಗ ಎದ್ದು ಹೋದ.

ಹೀಗೆ ಪದ್ಧತಿಯ ಗುಣದೋಷಗಳ ಪರೀಕ್ಷೆ ನಡೆದಿರುವಾಗ ಸಂತೆಗೆ ಬಂದ ನಮ್ಮೂರಿನ ಹೆಂಗಸೊಬ್ಬಳು ಗಂಗಮ್ಮನಿಗೆ ಸುದ್ದಿ ಹೇಳಿದಳು. ಗಿರಿಜೆಯ ಮದುವೆ ಗೊತ್ತಾಗಿದೆ. ಗಂಡು ಮತ್ತೋಡಿನ ಕಡೆಯವನು, ಹೊರಕೆರೆದೇವಪುರದ ದೇವಸ್ಥಾನದಲ್ಲಿ ಮದುವೆ. ನಮಗೆ ಯಾರೂ ಹೇಳಿಕಳಿಸಿರಲಿಲ್ಲ. ಗಂಗಮ್ಮ ಅಂದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಗೆಳೆಯರಿಬ್ಬರೂ ಎದುರಿಗಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಕೇಳಿದಳು:

“ರೀ, ನಿಮ್ಮಾಟದಾಗೆ ಎಲ್ಲಾ ಕತೆನೂ ಅವೆ ಅಂತೀರಲ್ಲ. ತಮ್ಮ ಆದೋನು ಹೋಗಿ ಅಣ್ಣನ ಮನಿ ಜಗಲಿ ಮ್ಯಾಲೆ ಕುಂತ್ಕಳೋ ಕತೆ ಐತೇನ್ರಿ?”

“ಅದರಲ್ಲಿ ಕಥೆ ಎಲ್ಲಿದೆ?” ಎಂದೆ.

“ಕತೆ ಇಲ್ದಿದ್ರೆ ಬ್ಯಾಡ. ಹೋಗಿ ಕುಂತ್ಕಳ್ರಿ ಸಾಕು. ಕೂಸಿನ ಮದ್ವೆಗೆ ನಾನು ಹೋಗ್ಬೇಕು.”

ಅವಳು ಹೇಳಿದ್ದರ ಅರ್ಥ ನನಗೆ ಗೊತ್ತಿತ್ತು. ನಮ್ಮ ಮನೆತನಗಳಲ್ಲಿ ಅಣ್ಣತಮ್ಮಂದಿರು ಮುನಿಸಿಕೊಂಡರೆ ಪಂಚಾಯಿತಿ ಸೇರಿಸುವ ಪದ್ಧತಿಯಿಲ್ಲ. ಚಿಕ್ಕವನು ಊಟದ ಹೊತ್ತಿಗೆ ದೊಡ್ಡವನ ಮನೆಗೆ ಹೋಗಿ ಜಗಲಿಯ ಮೇಲೆ ಕೂರುತ್ತಾನೆ. ದೊಡ್ಡವನಿಗೆ ಮನಸ್ಸಿಲ್ಲದಿದ್ದರೆ ಹೊರಗೆ ಬರುವುದಿಲ್ಲ. ಮನಸ್ಸಿದ್ದರೆ ಒಂದು ಚೆಂಬು ನೀರು ತಂದು ಕೈಗೆ ಹುಯ್ಯುತ್ತಾನೆ. ಕೈ ತೊಳೆದು, ಒಳಗೆ ಹೋಗಿ, ಜೊತೆಯಲ್ಲಿ ಮುದ್ದೆ ಉಂಡು ಎದ್ದರೆ ಮುಗಿಯಿತು. ಜಗಳ ಯಾವುದು, ತಪ್ಪು ಯಾರದು ಎಂದು ಅಂದೂ ಎತ್ತುವುದಿಲ್ಲ, ಆಮೇಲೂ ಎತ್ತುವುದಿಲ್ಲ. ಇಡೀ ವ್ಯವಹಾರದಲ್ಲಿ ಚಿಕ್ಕವನು ಮಾಡಬೇಕಾದ್ದು ಕೈ ಚಾಚುವುದು ಒಂದೇ. ನಮ್ಮ ಅಪ್ಪ, ದೊಡ್ಡಪ್ಪ ಹೀಗೆ ಎಷ್ಟು ಸಲ ಕೈ ತೊಳೆದುಕೊಂಡಿದ್ದಾರೋ ತಿಳಿಯದು.

ಆದರೆ ಅವರಲ್ಲಿ ಯಾರೂ ಬಿ.ಎಸ್‌ಸಿ. ಓದಿರಲಿಲ್ಲ. ಒಂದು ವಿಷಯ ಇತ್ಯರ್ಥವಾಗದೆ ಮುಗಿಯುವುದು ಹೇಗೆ ಎಂದು ನನಗೆ ಹೊಳೆಯಲಿಲ್ಲ. ಉತ್ತರ ಬರೆಯದೆ ಲೆಕ್ಕದ ಕೆಳಗೆ ಗೆರೆ ಎಳೆದಂತೆ. ಅಲ್ಲದೆ, ಸಮಸ್ತ ಕಥೆಗಳಿಗೂ ಒದಗುವ ಪದ್ಧತಿಯೊಂದು ಕೈಯಲ್ಲಿರುವಾಗ ಸಾಂಸಾರಿಕ ಕಥೆಯನ್ನು ಪರೀಕ್ಷಿಸದೆ ಬಿಡುವುದು ಪಲಾಯನವಾಗುತ್ತಿತ್ತು. “ಹೋಗುತ್ತೇನೆ,” ಎಂದೆ, “ಆದರೆ ಮೊದಲು ಆಡಿ ನೋಡುತ್ತೇನೆ.” ಗಂಗಮ್ಮ ಒಳಗೆ ಹೋದಳು. ಒಲೆಯ ಮುಂದೆ ಊದುಕೊಳವೆ ಬಿದ್ದ ಸದ್ದಾಯಿತು. ಬಿದ್ದದ್ದೋ ಹಾಕಿದ್ದೋ ಹೇಳಲಾರೆ.

ಆ ಕಥೆಗೆ ಗೌಸ್ ಸಾಹೇಬರು ಸೂತ್ರಧಾರರಾದರು. ನಾನು ನಾನೇ ಆದೆ. ಓಂಕಾರಪ್ಪ ನನ್ನ ಅಣ್ಣನಾದ. ಎಲ್ಲವನ್ನೂ ವಿವರವಾಗಿ ಹೇಳಿಕೊಟ್ಟೆ. ಸಾಹೇಬರು ಗಂಟಲು ಸರಿಮಾಡಿಕೊಂಡು, “ತಮ್ಮ ಬಂದು ಜಗಲಿ ಮ್ಯಾಲೆ ಕುಂತಾನೆ. ಕರಿಯಣ್ಣ ಏನ್ ಮಾಡ್ತಾನಪ್ಪ?” ಎಂದರು.

ಓಂಕಾರಪ್ಪ ಕವಡೆ ಮುಟ್ಟದೆ, “ಸುಮ್ನೆ ನಿಂತ್ಕಂತಾನೆ,” ಎಂದ.

“ಏನಾದರೂ ಮಾತಾಡಬೇಕಪ್ಪ,” ಎಂದೆ ನಾನು.

“ನಾನು ನಿಮ್ಮಣ್ಣ ಆಗಿದ್ರೆ ಮಾತೇ ಆಡ್ತಿರ್ಲಿಲ್ರಿ. ತಮ್ಮ ಬಂದಾನೆ ಅಂದ್ಮ್ಯಾಲೆ ಇನ್ನೇನ್ ಮಾತು?”

ಸುಮ್ಮನಿರುವುದಕ್ಕೆ ನನ್ನ ಪದ್ಧತಿಯಲ್ಲಿ ಜಾಗವಿರಲಿಲ್ಲ. ಮಾತಾಡದವನು ಎಸೆಯುವ ಹಕ್ಕು ಕಳೆದುಕೊಳ್ಳುತ್ತಾನೆ ಎಂದು ತೀರ್ಪು ಕೊಟ್ಟೆ. ಪಾಪ, ಓಂಕಾರಪ್ಪನ ಬೀಜ ಒಂದೊಂದೇ ನನ್ನ ಕಡೆ ಬಂದವು. ಆಮೇಲೆ ಅವನಿಗೂ ರೋಷ ಬಂದು, “ಹೆಣ ಕಾಯ್ತೈತೇನಲೇ?” ಎಂದು ಮೇಜು ಗುದ್ದಿದ. ಅಡಿಗೆಮನೆಯಲ್ಲಿ ಸದ್ದು ನಿಂತಿತು. ಆ ಮಾತಿಗೆ ಉತ್ತರ ಹುಡುಕುವುದರಲ್ಲಿ ನಮಗೆ ಹಲವು ಸಂಜೆ ಹಿಡಿದವು. ಕೋಪದ ಉತ್ತರ ಎಸೆದೆ, ಸೋತೆ. ಅಳುವ ಉತ್ತರ ಎಸೆದೆ, ಸೋತೆ. ಕೊನೆಗೆ ಥಟ್ಟನೆ ನೆನಪಾಯಿತು: ನಮ್ಮ ತಾತ ಸತ್ತಾಗ ಹೊಸದುರ್ಗದ ಸೋದರತ್ತೆ ಬರಲಿ ಎಂದು ಹೆಣವನ್ನು ರಾತ್ರಿಯೆಲ್ಲ ಇಟ್ಟುಕೊಂಡಿದ್ದರು! ಅಣ್ಣನೇ ತಲೆಯ ಹತ್ತಿರ ದೀಪ ಕಾಯ್ದಿದ್ದ. ಓಂಕಾರಪ್ಪ ಉಳಿದ ಬೀಜವನ್ನೆಲ್ಲ ನನ್ನ ಕಡೆ ತಳ್ಳಿದ. ಕವಡೆ ಹೇಗೇ ಬೀಳಲಿ, ಈ ಮಾತಿಗೆ ಪ್ರತಿಮಾತಿಲ್ಲ ಎಂದು ಸಾಹೇಬರೂ ಒಪ್ಪಿದರು. ಒಪ್ಪಿದ ಮೇಲೆ ಒಂದು ಬೀಜ ಅಗಿಯುತ್ತ, “ಗೆದ್ರಿ ಮೇಷ್ಟ್ರೆ. ಗೆದ್ದು ಏನ್ ಮಾಡ್ತೀರಿ?” ಎಂದರು. ಆಟ ಮುಗಿದ ಮೇಲೆ ಕೇಳುವ ಪ್ರಶ್ನೆಗೆ ನಿಯಮ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಗಂಗಮ್ಮ ನನಗೆ ಒಗೆದ ಅಂಗಿ ಕೊಟ್ಟಳು. ಗಿರಿಜೆಗೆಂದು ಬಳೆ ಸುತ್ತಿದ ಪೊಟ್ಟಣವನ್ನು ಕೈಚೀಲದ ತಳಕ್ಕೆ ಇಟ್ಟಳು. “ಏನೂ ಮಾತಾಡ್ಬ್ಯಾಡ್ರಿ. ನೀರು ಹುಯ್ದ್ರೆ ಕೈ ಒಡ್ರಿ, ಅಷ್ಟೇ,” ಎಂದಳು. ಬಸ್ಸು ಹೊರಡುವವರೆಗೂ ಕಿಟಕಿಯ ಹತ್ತಿರ ನಿಂತು, ಬಾಯಿ ಮುಚ್ಚಿಕೊಳ್ಳುವಂತೆ ಕೈ ಸನ್ನೆ ಮಾಡಿದಳು. ಪಕ್ಕದಲ್ಲಿ ಕುಳಿತವರು ಅದನ್ನು ನೋಡಿ ನನ್ನ ಕಡೆ ಕನಿಕರದಿಂದ ತಿರುಗಿದರು.

ಊರು ಮುಟ್ಟಿದಾಗ ಊಟದ ಹೊತ್ತು. ಕುರಿಹಟ್ಟಿಯಲ್ಲಿ ಮರಿಗಳು ಮಾತ್ರ ಇದ್ದವು. ಜಗಲಿಯ ಮೇಲೆ ಕುಳಿತೆ. ಗಿರಿಜೆ ಬಾಗಿಲಿಗೆ ಬಂದು ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ಚಿಕ್ಕಪ್ಪ! ಚಿಕ್ಕವ್ವ ಬರ್ಲಿಲ್ವಾ?” ಎಂದಳು. ಉತ್ತರಕ್ಕೆ ಕಾಯದೆ, “ಅವ್ವಾ, ಚಿಕ್ಕಪ್ಪ ಬಂದೈತೆ,” ಎಂದು ಕೂಗುತ್ತ ಒಳಗೆ ಓಡಿದಳು. ಒಳಗೆ ಅತ್ತಿಗೆ ಮುದ್ದೆ ತಿರುವುವ ಕೋಲಿನ ಸದ್ದು ಜೋರಾಯಿತು. ಹಿಟ್ಟು ಹೆಚ್ಚಿಗೆ ಹಾಕಿದ್ದಾರೆ ಎಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅಣ್ಣ ಹೊರಗೆ ಬಂದ. ತಲೆ ಪೂರಾ ನೆರೆತುಹೋಗಿತ್ತು. ಕೈಯಲ್ಲಿ ತುಂಬಿದ ಚೆಂಬು. ಏನೂ ಮಾತಾಡದೆ ಜಗಲಿಯ ಅಂಚಿಗೆ ಬಂದು, ಚೆಂಬನ್ನು ಸ್ವಲ್ಪ ಬಾಗಿಸಿ ನಿಂತ.

ನಾನು ಕೈ ಚಾಚಬೇಕಿತ್ತು. ಆದರೆ ಎಷ್ಟೋ ಸಂಜೆ ಆಡಿ ಕಂಡುಕೊಂಡ ಮಾತು ಬಾಯಲ್ಲಿ ಸಿದ್ಧವಾಗಿತ್ತು, ಎದುರಿನವನು ಎಸೆದಾಗಿತ್ತು, ಸರದಿ ನನ್ನದು.

“ಅಣ್ಣ, ಒಂದು ಮಾತು ಇತ್ಯರ್ಥ ಆಗ್ಬೇಕು,” ಎಂದೆ. “ಹೆಣ ಕಾಯಲ್ಲ ಅಂದ್ಯಲ್ಲ ಅವತ್ತು. ತಾತನ್ನ ಹೊಸದುರ್ಗದ ಅತ್ತೆಗೋಸ್ಕರ ರಾತ್ರಿಯೆಲ್ಲ ಇಟ್ಕಂಡಿರ್ಲಿಲ್ವಾ? ನೀನೇ ದೀಪ ಕಾಯ್ದಿದ್ದೆ.”

ಅಣ್ಣ ಚೆಂಬು ಹಾಗೇ ಹಿಡಿದುಕೊಂಡಿದ್ದ. “ಹೂಂ. ಇಟ್ಕಂಡಿದ್ವಿ,” ಎಂದ.

“ಅತ್ತೆಗೆ ಕಾದೋರು ಮಗನಿಗೆ ಯಾಕೆ ಕಾಯ್ಲಿಲ್ಲ?”

ಒಳಗೆ ಮುದ್ದೆಕೋಲಿನ ಸದ್ದು ನಿಂತಿತು. ಅಣ್ಣ ನನ್ನ ಮುಖ ನೋಡಲಿಲ್ಲ, ಹಟ್ಟಿಯ ಕಡೆ ನೋಡುತ್ತಿದ್ದ. ಪ್ರತಿಮಾತಿಲ್ಲ ಎಂದು ನಾವು ಲೆಕ್ಕ ಹಾಕಿದ್ದು ಸರಿಯಾಗಿತ್ತು. “ಕಾಯಬೇಕಿತ್ತು,” ಎಂದ ಕೊನೆಗೆ. “ನಂಗೆ ನೋಡಾಕೆ ಆಗ್ಲಿಲ್ಲ ಕಣಲೇ. ಅಪ್ಪನ್ನ ಹಂಗೆ ಇಟ್ಕಂಡು ಕುಂತ್ಕಳಾಕೆ ಆಗ್ಲಿಲ್ಲ. ನಿಂದೇ ಸರಿ. ತಪ್ಪು ನಂದೇ.”

ಪದ್ಧತಿಯ ಪ್ರಕಾರ ಇದು ಸಂಪೂರ್ಣ ವಿಜಯ. ಮುಂದೇನು ಮಾಡಬೇಕೆಂದು ನಾನು ಯೋಚಿಸುತ್ತಿರುವಾಗ ಅಣ್ಣ ಜಗಲಿಯಿಂದ ಇಳಿದು, ಚೆಂಬಿನ ನೀರನ್ನು ಅಂಗಳದ ನುಗ್ಗೆಗಿಡದ ಬುಡಕ್ಕೆ ಹುಯ್ದ. ಕೋಪದಿಂದ ಚೆಲ್ಲಲಿಲ್ಲ. ಗಿಡಕ್ಕೆ ಹಾಕಬೇಕಾದಷ್ಟು ನಿಧಾನವಾಗಿ, ಪೂರ್ತಿ ಹಾಕಿದ. “ಬಸ್ಸಿಗೆ ಹೊತ್ತಾತು. ಹೊರಡು,” ಎಂದು ಒಳಗೆ ಹೋದ. ಸ್ವಲ್ಪ ಹೊತ್ತು ಕುಳಿತಿದ್ದೆ. ಗಿರಿಜೆ ಹೊರಗೆ ಬರಲಿಲ್ಲ. ಬಳೆಯ ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಎದ್ದು ಬಂದೆ. ಬಸ್ಸು ಆ ದಿನ ಸರಿಯಾದ ಹೊತ್ತಿಗೆ ಬಂತು, ದಾರಿಯಲ್ಲಿ ಟೈರೂ ಒಡೆಯಲಿಲ್ಲ.

ಗಂಗಮ್ಮ ಬಾಗಿಲಲ್ಲೇ ಇದ್ದಳು. ಮೊದಲು ನನ್ನ ಮುಖ ನೋಡಿದಳು. ಆಮೇಲೆ, ಉಂಡ ಮನುಷ್ಯನ ಕೈ ಹೌದೋ ಅಲ್ಲವೋ ಎಂಬಂತೆ ನನ್ನ ಬಲಗೈ ನೋಡಿದಳು.

“ಏನಾತ್ರಿ?”

“ಗೆದ್ದೆ,” ಎಂದೆ. ಬೇರೆ ಶಬ್ದ ತಕ್ಷಣಕ್ಕೆ ಸಿಗಲಿಲ್ಲ.

ಅವಳು ಒಳಗೆ ಹೋಗಿ ನನಗೆ ತಟ್ಟೆ ಹಾಕಿದಳು. ಗಿರಿಜೆಯ ಹಾಸಿಗೆಯನ್ನು ಮೂಲೆಯಿಂದ ತೆಗೆದು ಅಟ್ಟಕ್ಕೆ ಹಾಕಿದ್ದು ಅದೇ ವಾರ.

ಗೆಳೆಯರು ವಿಷಯ ತಿಳಿದು ಕೆಲವು ದಿನ ಬರಲಿಲ್ಲ, ಆಮೇಲೆ ಬಂದರು. ಕವಡೆ ಎತ್ತಿಡಿ ಎಂದು ಯಾರೂ ಹೇಳಲಿಲ್ಲ. ವಿಮರ್ಶೆ ಮಾಡುವುದಾದರೆ, ನನ್ನ ಸರ್ವಕಥಾ ಪದ್ಧತಿ ಕೋಟೆ ಮುತ್ತಿಗೆಗೆ ಉತ್ತಮ, ಪುರಾಣಕ್ಕೆ ಸುಮಾರು, ಪತ್ತೇದಾರಿಗೂ ದೆವ್ವಕ್ಕೂ ಪ್ರೇಮಕ್ಕೂ ಕನಿಷ್ಠ. ಸಾಂಸಾರಿಕ ಕಥೆಗೆ ಅದು ಬರುವುದೇ ಇಲ್ಲ. ಅಲ್ಲಿ ಗೆದ್ದವನಿಗೆ ಊಟವಿಲ್ಲ. ಆದರೂ ಮೇಷ್ಟ್ರ ಬುದ್ಧಿ; ತಿದ್ದುಪಡಿ ಮಾಡಿ ನೋಡೋಣವೆಂದು, ಸುಮ್ಮನಿದ್ದವನಿಗೂ ಬೀಜ ಸಿಗುತ್ತದೆ ಎಂಬ ಹೊಸ ನಿಯಮ ಸೇರಿಸಿದೆ. ಅಂದು ಮೂವರೂ ಬೀಜದ ಆಸೆಗೆ ಬಾಯಿ ಬಿಡದೆ, ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತೆವು. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು. “ಇದು ಆಟ ಅಲ್ರಿ, ಇದು ನಮ್ಮನೀನೇ ಆತು,” ಎಂದು ಗೌಸ್ ಸಾಹೇಬರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಮತ್ತೆ ಆಡಲಿಲ್ಲ.

ಗಿರಿಜೆಯ ಮದುವೆ ಆ ಬೇಸಿಗೆಯಲ್ಲಿ ಹೊರಕೆರೆದೇವಪುರದಲ್ಲಿ ಆಯಿತು. ನಮ್ಮನ್ನು ಕರೆಯಲಿಲ್ಲ.